ಯೋಗದ ಚಾಪೆಗೊಂದು ಗೋರಿ

ಬಿಷ್ಕೆಕ್
ಜೂನ್ 6, 2018

ಪೂಜ್ಯ ಬೂರುಲ್ ಅತ್ತಿಗೆಯವರಿಗೆ,

ನಿಮ್ಮ ನಾದಿನಿ ಅಯ್ಸಾಲ್ಕಿನ್ ಮಾಡುವ ಸಲಾಂ. ನೀವು, ಅಣ್ಣ, ನಮ್ಮಮ್ಮ ಅಪಾ, ಕುದುರೆ, ಕುರಿ, ನಾಯಿ ಎಲ್ಲರೂ ಸೋನ್-ಕೋಲ್ ಹುಲ್ಲುಗಾವಲಿಗೆ ಸುಖವಾಗಿ ಏರಿ ಡೇರೆ ಹೂಡಿದ್ದೀರೆಂದು ಕುದುರೆಯ ಹುಳಿ ಹಾಲು ಕುಮಿಸ್ ಸಾಗಿಸುವ ಲಾರಿಯ ಎಸೆನಾಲಿ ಹೇಳಿದ. ಅಲ್ಲಿ ಫೋನು ಹತ್ತುವುದಿಲ್ಲವಾದ್ದರಿಂದ ನಿಮಗೆ ಕಾಗದ ಬರೆಯುವ ಭಾಗ್ಯ ನನ್ನದಾಗಿದೆ. ಓದುವ ಭಾಗ್ಯ ನಿಮ್ಮದಾಗಲಿ. ಹೋದ ಸಲದಂತೆ ಓದುವ ಮೊದಲೇ ಒಲೆ ಹಚ್ಚಲು ಬಳಸಬೇಡಿ.

ನನ್ನ ಯೋಗಶಾಲೆ ಇರುವ ಕಟ್ಟಡವನ್ನು ಚಳಿಗಾಲಕ್ಕೆ ಮುಂಚೆ ಕೆಡವುತ್ತಾರಂತೆ. ದೇವರು ಒಂದು ಬಾಗಿಲು ತೋರಿಸಿದ್ದಾನೆ. ಇಸ್ಸಿಕ್-ಕುಲ್ ದಂಡೆಯ ಮೇಲೆ ಮೆದೆರ್ಬೆಕ್ ಎಂಬವರು ಹೋಟೆಲು ಕಟ್ಟಿದ್ದಾರೆ. ಸರೋವರಕ್ಕೆ ಮುಖ ಮಾಡಿದ ಗಾಜಿನ ಹಾಲ್ ಒಂದನ್ನು ಯೋಗಕ್ಕೆ ಕೊಡುತ್ತಾರೆ. ಅವರದು ಒಂದೇ ಷರತ್ತು, ಚಾಪೆ ಪರಿಸರಸ್ನೇಹಿಯಾಗಿರಬೇಕು. ಅಂದರೆ ಮಣ್ಣಿನಲ್ಲಿ ಹೂತರೆ ಮಣ್ಣೇ ಆಗಬೇಕು. ಅಂಗಡಿಯವರ ಮಾತನ್ನು ಅವರು ನಂಬುವವರಲ್ಲ. ಹೂತು ನೋಡಿದವರ ಮಾತೇ ಬೇಕಂತೆ. ಹಾಲ್ ಸಿಗದಿದ್ದರೆ ನಾನು ಗಂಟುಮೂಟೆ ಕಟ್ಟಿ ನಿಮ್ಮ ಡೇರೆಗೇ ಬಂದು ಕುದುರೆ ಹಾಲು ಕರೆಯಬೇಕಾಗುತ್ತದೆ. ಅದು ನಮ್ಮಿಬ್ಬರಲ್ಲಿ ಯಾರಿಗೂ ಒಳ್ಳೆಯದಲ್ಲ ಎಂಬುದನ್ನು ನೀವು ಒಪ್ಪುತ್ತೀರಿ.

ಎಸೆನಾಲಿಯ ಕೈಯಲ್ಲಿ ಮೂರು ಚಾಪೆ ಕಳಿಸಿದ್ದೇನೆ. ಹಸಿರು ಬಣ್ಣದ್ದು ರಬ್ಬರು, ಕಂದು ಬಣ್ಣದ್ದು ಬೆಂಡು, ಒರಟಾಗಿರುವುದು ಸೆಣಬು. ನಿಮಗೆ ತಿಳಿಯುವಂತೆ ಹೇಳುವುದಾದರೆ: ಗುಂಡಿ ತೋಡುವುದು, ಚಾಪೆ ಇಡುವುದು, ಮಣ್ಣು ಮುಚ್ಚುವುದು. ಮಡಿಚಬೇಡಿ, ಸುತ್ತಬೇಡಿ, ಉದ್ದಕ್ಕೆ ಬಿಡಿಸಿ ಮಲಗಿಸಿ. ಆಮೇಲೆ ಆಗಾಗ ಕೆದಕಿ ನೋಡಿ ಬರೆಯಿರಿ. ಇದರಲ್ಲಿ ನಿಮ್ಮ ಬುದ್ಧಿ ಉಪಯೋಗಿಸುವ ಕೆಲಸ ಏನೂ ಇಲ್ಲ, ಭಯಪಡಬೇಡಿ.

ನಿಮ್ಮ ಪ್ರೀತಿಯ ನಾದಿನಿ
ಅಯ್ಸಾಲ್ಕಿನ್


ಸೋನ್-ಕೋಲ್
ಜೂನ್ 14

ಪಟ್ಟಣದ ಮುದ್ದಿನ ಹುಡುಗಿಗೆ,

ಗಂಡನ ಮನೆಯವರ ಹೆಸರು ಹಿಡಿದು ಕರೆಯುವ ಸೊಸೆ ನಮ್ಮಲ್ಲಿ ಇಲ್ಲವಲ್ಲ, ಅದಕ್ಕೇ ನಿನಗೊಂದು ಅಡ್ಡಹೆಸರು ಇಟ್ಟುಕೊಂಡಿದ್ದೇನೆ. ಮೊದಲು ಬೇರೆಯದಿತ್ತು, ಕಾಗದದಲ್ಲಿ ಬರೆಯುವಂಥದಲ್ಲ.

ಚಾಪೆಗಳು ಬಂದವು. ನಿನ್ನ ಅಣ್ಣ ರಬ್ಬರಿನದನ್ನು ಮೂಸಿ ನೋಡಿ, ಟೈರು ಅಂದ. ಅಪಾ ಬೆಂಡಿನದನ್ನು ಕಚ್ಚಿ ನೋಡಿ, ಬಾಟಲಿ ಬಿರಡೆ ಅಂದರು. ಯಾವುದೋ ಸಮುದ್ರದಾಚೆ ಮರದ ತೊಗಟೆ ಸುಲಿದು, ಹಡಗು ಹತ್ತಿಸಿ, ರೈಲು ಹತ್ತಿಸಿ, ಎಸೆನಾಲಿಯ ಹೊಗೆ ಕಾರುವ ಲಾರಿ ಹತ್ತಿಸಿ ತಂದು ನಮ್ಮ ಬೆಟ್ಟದಲ್ಲಿ ಹೂತರೆ ಪರಿಸರ ಉಳಿಯುತ್ತದೆ ಎನ್ನುವುದನ್ನು ಕಂಡುಹಿಡಿಯಲು ನಿನ್ನಷ್ಟು ಓದಬೇಕು. ಮನೆತುಂಬ ಕುರಿ ಇರುವವರ ಮಗಳು ನೀನು. ಉಣ್ಣೆ ಒತ್ತಿ ಒಂದು ಶಿರ್ದಾಕ್ ಹಾಸು ಮಾಡಿಕೊಡಿ ಅತ್ತಿಗೆ ಎನ್ನಲು ನಾಲಿಗೆ ಸವೆಯುತ್ತಿತ್ತೇ?

ಇನ್ನೊಂದು ವಿಷಯ. ಹುಲ್ಲುಗಾವಲಿನ ನೆಲವನ್ನು ಸುಮ್ಮಸುಮ್ಮನೆ ಅಗೆಯುವವರು ಇಲ್ಲಿ ಯಾರೂ ಇಲ್ಲ. ಒಂದು ಸಲ ಸುಲಿದರೆ ಹುಲ್ಲು ಮತ್ತೆ ಮುಖ ತೋರಿಸಲು ಎಷ್ಟು ಬೇಸಿಗೆ ಬೇಕೋ ನಿನಗೆ ಮರೆತಿರಬೇಕು. ಆದರೂ ನೀನು ಹೇಳಿದ್ದೀಯ, ನಾವು ಕೇಳಿದ್ದೇವೆ.

ವರದಿ ಹೀಗಿದೆ. ಸೆಣಬಿನದು ಪೂರ್ತಿ ಮಾಯ. ಒಂದು ಎಳೆಯೂ ಉಳಿದಿಲ್ಲ. ಬೆಂಡಿನದು ತುಂಡುತುಂಡಾಗಿದೆ. ರಬ್ಬರಿನದು ಇನ್ನೂ ಗಟ್ಟಿಯಾಗಿದೆ, ಮಳೆ ಬಂದರೆ ಒಂದು ಹನಿ ಒಳಗೆ ಬಿಡುವುದಿಲ್ಲ. ಮಣ್ಣಿನೊಳಗೆ ಬಿಡುವುದಿಲ್ಲ ಅಂತ ಓದಿಕೊ.

ಬೂರುಲ್


ಬಿಷ್ಕೆಕ್
ಜೂನ್ 22

ಅತ್ತಿಗೆಯವರಿಗೆ,

ನಿಮ್ಮಿಂದ ಒಂದು ಉಪಕಾರ ಆಗುತ್ತದೆಂದು ನಾನು ಈ ಜನ್ಮದಲ್ಲಿ ಅಂದುಕೊಂಡಿರಲಿಲ್ಲ. ಸೆಣಬು ಒಂದು ವಾರದಲ್ಲಿ ಮಾಯವಾದ ಸುದ್ದಿಯನ್ನು ಮೆದೆರ್ಬೆಕ್ ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು, ಒಂದೇ ವಾರವೇ ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ, ಅಲ್ಲಿನ ಮಣ್ಣಿನಲ್ಲಿ ಏನೋ ಶಕ್ತಿ ಇದೆ ಎಂದರು. ನಾನು ನನ್ನ ಶಿಷ್ಯೆಯರಿಗೂ ಹೇಳಿದೆ. ಒಬ್ಬಳು ಕಣ್ಣೀರು ಹಾಕಿದಳು. ಅವಳು ಪ್ರಾಣಾಯಾಮಕ್ಕೂ ಹಾಕುತ್ತಾಳೆ, ಆ ಮಾತು ಬೇರೆ.

ಆ ಜಾಗದ ಒಂದು ಹಿಡಿ ಮಣ್ಣು ಕಳಿಸಿ. ಗಾಜಿನ ಭರಣಿಯಲ್ಲಿ ಇಟ್ಟು ಅವರಿಗೆ ಕೊಡುತ್ತೇನೆ.

ಶಿರ್ದಾಕ್ ಮಾತು ಬೇಡ. ಒಂದನ್ನು ಹಾಸಿ ನೋಡಿದ್ದೆ. ಅಂಗೈ ಊರಿ ಸೊಂಟ ಎತ್ತಿದ ಶಿಷ್ಯೆಯೊಬ್ಬಳು ಜಾರುತ್ತಾ ಜಾರುತ್ತಾ ಗೋಡೆಗೆ ಹೋಗಿ ನಮಸ್ಕಾರ ಮಾಡಿದಳು. ಅರ್ಧ ತರಗತಿ ಸೀನುತ್ತಿತ್ತು. ಉಳಿದರ್ಧ ಇಲ್ಲಿ ಕುರಿ ಎಲ್ಲಿದೆ ಎಂದು ಹುಡುಕುತ್ತಿತ್ತು. ಕುರಿಯ ಮೇಲೆ ಚೆನ್ನಾಗಿ ಕೂರುವುದೆಲ್ಲ ಮನುಷ್ಯರ ಕೆಳಗೂ ಚೆನ್ನಾಗಿ ಕೂರುತ್ತದೆ ಎಂಬ ನಿಮ್ಮ ಸಿದ್ಧಾಂತಕ್ಕೆ ನನ್ನ ಗೌರವಗಳು.

ಅಪಾಳ ಮಂಡಿ ಊದಿದೆ ಎಂದು ಎಸೆನಾಲಿ ಹೇಳಿದ. ನೀವು ಬರೆಯಲಿಲ್ಲ. ನೀವು ಬರೆಯುವವರೂ ಅಲ್ಲ. ಅವಳನ್ನು ಲಾರಿಯಲ್ಲಿ ಕಳಿಸಿ, ಇಲ್ಲಿ ವೈದ್ಯರಿಗೆ ತೋರಿಸುತ್ತೇನೆ.

ಅಯ್ಸಾಲ್ಕಿನ್


ಸೋನ್-ಕೋಲ್
ಜುಲೈ 1

ಹೆಣವಾಗಿ ಮಲಗಿ ಹೊಟ್ಟೆ ಹೊರೆಯುವವಳಿಗೆ,

ಮಣ್ಣು ಕಳಿಸಿದ್ದೇನೆ. ಶಕ್ತಿ ಇದೆಯೋ ಇಲ್ಲವೋ ಮೂಸಿ ನೋಡಲಿ. ಬೆಟ್ಟದ ಇಲಿಯ ಬಿಲದ ಬಾಯಿಯಿಂದ ತೆಗೆದದ್ದು, ನುಣುಪಾಗಿದೆ.

ಅಪಾರನ್ನೂ ಕಳಿಸುತ್ತಿದ್ದೇನೆ. ಮಂಡಿ ಮಡಿಚಲು ಆಗದ್ದರಿಂದ ಲಾರಿಯ ಹಿಂದೆ ಹಾಸಿಗೆ ಹಾಸಿ ಉದ್ದಕ್ಕೆ ಮಲಗಿಸಿದೆವು. ಧೂಳು ಬೀಳದಿರಲೆಂದು ಮುಖದವರೆಗೂ ಹೊದಿಸಿದೆ. ತೊರೆಯ ಆಚೆ ದಂಡೆಯ ಡೇರೆಗಳವರು ಕೆಲಸ ಬಿಟ್ಟು ನಿಂತು ನೋಡಿದರು. ಆ ಜನಕ್ಕೆ ಬೇರೆ ಮನೋರಂಜನೆ ಇಲ್ಲ.

ಮಂಡಿಯ ಸುದ್ದಿ ನಾನು ಬರೆಯಲಿಲ್ಲ, ಯಾಕೆಂದರೆ ಅಪಾ ಬರೆಯಬೇಡ ಎಂದಿದ್ದರು. ನಿನ್ನ ಹಾಲ್ ಸಿಗುವ ತನಕ ಹುಡುಗಿಯ ತಲೆ ಕೆಡಿಸಬೇಡ ಅಂದರು. ಈಗ ನೋಡು, ಅವರ ಮಾತು ನಡೆಸಿದವಳಿಗೆ ನಿನ್ನ ಬಾಯಿಂದ ಈ ಪದಕ. ಅವರಿಗೆ ದಿನವೂ ಕುಮಿಸ್ ಬೇಕು. ಕೊಡದಿದ್ದರೆ ಸತ್ತವರ ಹೆಸರುಗಳನ್ನೆಲ್ಲ ಎತ್ತಿ ನನ್ನ ಜೊತೆ ಹೋಲಿಸುತ್ತಿದ್ದರು. ಇನ್ನು ನಿನ್ನ ಸರದಿ.

ಬೂರುಲ್


ಬಿಷ್ಕೆಕ್
ಜುಲೈ 9

ಅತ್ತಿಗೆಯವರಿಗೆ,

ಅಪಾ ಚೆನ್ನಾಗಿದ್ದಾಳೆ. ಮಂಡಿಯಿಂದ ನೀರು ತೆಗೆದರು. ಈಗ ನನ್ನ ತರಗತಿಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಮೊದಲ ದಿನ ಕೊನೆಯ ಶವಾಸನಕ್ಕೆ ಎಲ್ಲರೂ ಕಣ್ಣುಮುಚ್ಚಿ ಮಲಗಿದಾಗ ಅಪಾ ಬಗ್ಗಿ ನೋಡಿದಳು.

"ಏನಾಯ್ತೇ ಇವರಿಗೆಲ್ಲ?"

"ಏನಿಲ್ಲ ಅಪಾ. ಹೆಣದ ಥರ ಮಲಗಿದ್ದಾರೆ."

"ಇದಕ್ಕೆ ದುಡ್ಡು ಕೊಡ್ತಾರಾ?"

"ಕೊಡ್ತಾರೆ."

"ನಿಮ್ಮಪ್ಪ ಪುಕ್ಕಟೆ ಮಲಗ್ತಿದ್ದ."

ಹೆಣಗಳೆಲ್ಲ ನಗತೊಡಗಿದವು. ತರಗತಿ ಹಾಳಾಯಿತು. ಈಗ ಜನ ಯೋಗಕ್ಕಿಂತ ಅವಳ ಮಾತು ಕೇಳಲು ಬರುತ್ತಿದ್ದಾರೆ ಎಂಬ ಅನುಮಾನ ನನಗಿದೆ.

ಈಗ ಮುಖ್ಯ ವಿಷಯ, ಕುಳಿತುಕೊಂಡು ಓದಿ. ಮೆದೆರ್ಬೆಕ್ ಅವರು ಭರಣಿಯ ಮಣ್ಣು ನೋಡಿ ಎಷ್ಟು ಖುಷಿಯಾದರೆಂದರೆ, ಗುಂಡಿಗಳನ್ನು ಕಣ್ಣಾರೆ ನೋಡಲು ಅಲ್ಲಿಗೇ ಬರುತ್ತಿದ್ದಾರೆ. ಹದಿನೈದನೇ ತಾರೀಕು. ಅಲ್ಮಾಟಿಯ ಇನ್ನೊಬ್ಬಳು ಪಾಚಿಯಿಂದ ಮಾಡಿದ ಚಾಪೆ ಹಿಡಿದುಕೊಂಡು ಅವರ ಹಿಂದೆ ಬಿದ್ದಿದ್ದಾಳೆ. ಗುಂಡಿಯಲ್ಲಿ ಏನಾದರೂ ಎಡವಟ್ಟು ಕಂಡರೆ ಹಾಲ್ ಅವಳದ್ದು.

ಹೂತ ಜಾಗ ಸ್ವಲ್ಪ ಚೊಕ್ಕಟವಾಗಿ ಇಡಿ. ನೀವೂ.

ಅಯ್ಸಾಲ್ಕಿನ್


ಸೋನ್-ಕೋಲ್
ಜುಲೈ 12

ನನ್ನ ಗಂಡನ ಒಬ್ಬಳೇ ತಂಗಿಗೆ,

ಕುಳಿತುಕೊಂಡು ಓದುವ ಸರದಿ ಈಗ ನಿನ್ನದು.

ನಾವು ಯಾವ ಚಾಪೆಯನ್ನೂ ಹೂತಿಲ್ಲ. ಸೆಣಬಿನದನ್ನು ಕೆಂಪು ಹಸುವಿನ ಕರು ತಿಂದಿತು. ಬಂದ ದಿನವೇ ತಿಂದಿತು, ಒಂದು ಎಳೆ ಬಿಡದೆ. ಬೆಂಡಿನದನ್ನು ಕತ್ತರಿಸಿ ಕುಮಿಸ್ ಪೀಪಾಯಿಗಳಿಗೆ ಮುಚ್ಚಳ ಮಾಡಿಕೊಂಡೆವು. ಅಪಾ ಹೇಳಿದ್ದು ನಿಜ, ಅದು ಬಿರಡೆಯೇ. ರಬ್ಬರಿನದು ಡೇರೆಯ ನೆತ್ತಿಯಲ್ಲಿ ಮಳೆ ಸೋರುವ ಜಾಗಕ್ಕೆ ಹೊದಿಕೆಯಾಗಿತ್ತು. ನಾನು ಬರೆದ ವರದಿಯಲ್ಲಿ ಒಂದು ಸುಳ್ಳಿದ್ದರೆ ತೋರಿಸು. ಮಾಯವಾಯಿತು ಎಂದೆ, ಮಾಯವಾಗಿತ್ತು. ಎಲ್ಲಿಗೆ ಎಂದು ನೀನು ಕೇಳಲಿಲ್ಲ.

ಚಾಪೆಯ ಶವಸಂಸ್ಕಾರಕ್ಕಾಗಿ ನೆಲ ಸುಲಿಯುವಷ್ಟು ಮಂಕು ನಮಗೆ ಕವಿದಿರಲಿಲ್ಲ. ಈಗ ಕವಿಯಿತು. ನಿನ್ನ ಕಾಗದ ಓದಿ ನಿನ್ನ ಅಣ್ಣ ಎದ್ದು ಸಲಿಕೆ ತೆಗೆದುಕೊಂಡ. ಉಳಿದಿರುವುದು ರಬ್ಬರಿನದೊಂದೇ. ಡೇರೆಯ ಹಿಂದೆ, ನೀನು ಹೇಳಿದಂತೆ ಮಡಿಚದೆ, ಸುತ್ತದೆ, ಉದ್ದಕ್ಕೆ ಮಲಗಿಸಿ ಮಣ್ಣು ಮುಚ್ಚಿದ್ದಾನೆ. ಮಿಕ್ಕ ಎರಡು ಅದರ ಪಕ್ಕದಲ್ಲೇ ಇದ್ದವು, ಪೂರ್ತಿ ಕರಗಿ ಹೋದವು ಎಂದು ನಿನ್ನ ಹೋಟೆಲಿನವನಿಗೆ ಹೇಳುತ್ತೇವೆ. ಕುದುರೆಗಳು ತುಳಿಯದಿರಲೆಂದು ಸುತ್ತ ಕಲ್ಲು ಜೋಡಿಸಿದ್ದಾನೆ. ಬಹಳ ಚೊಕ್ಕಟವಾಗಿದೆ. ನಾನೂ.

ಬೂರುಲ್


ಸೋನ್-ಕೋಲ್
ಜುಲೈ 16

ಎಲೇ ಹುಡುಗಿ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಬೈಯುವುದನ್ನು ಕೊನೆಗೆ ಇಟ್ಟುಕೊ.

ನಿನ್ನೆ ನಾನು ಕುದುರೆ ಹಾಲು ಕರೆದು ವಾಪಸು ಬರುತ್ತೇನೆ, ಡೇರೆಯ ಮುಂದೆ ಕುದುರೆಗಳು ನಿಂತಿವೆ. ಗಂಡಸರು ಸೊಂಟ ಹಿಡಿದು ಗೋಳೋ ಎನ್ನುತ್ತಿದ್ದಾರೆ. ಆಚೆ ದಂಡೆಯ ಹೆಂಗಸರು ಓಡಿಬಂದು ನನ್ನ ಕೊರಳಿಗೆ ಬಿದ್ದರು. ಯಾರು ಹೋದರು ಎಂದು ಆ ಹೊತ್ತಿನಲ್ಲಿ ಕೇಳುವುದು ಮರ್ಯಾದೆಯಲ್ಲ. ನಾನೂ ಅತ್ತೆ. ಚೆನ್ನಾಗಿಯೇ ಅತ್ತೆ. ಅಳುತ್ತಾ ಅಳುತ್ತಾ ಗೊತ್ತಾಯಿತು, ಸತ್ತವರು ನಮ್ಮ ಅಪಾ.

ಅವರ ಲೆಕ್ಕದಲ್ಲಿ ತಪ್ಪಿಲ್ಲ. ಮುದುಕಿಯನ್ನು ಮುಖ ಮುಚ್ಚಿ ಲಾರಿಯಲ್ಲಿ ಮಲಗಿಸಿ ಕೊಂಡೊಯ್ದದ್ದು ನೋಡಿದ್ದಾರೆ. ಲಾರಿ ವಾಪಸು ಬಂದದ್ದು ನೋಡಿದ್ದಾರೆ. ಆಮೇಲೆ ಡೇರೆಯ ಹಿಂದೆ ಆಳುದ್ದದ ಮಣ್ಣಿನ ದಿಬ್ಬ ಎದ್ದಿದೆ, ಸುತ್ತ ಕಲ್ಲು. ಯಾರಿಗೂ ಹೇಳಿಕಳಿಸದೆ ಗುಟ್ಟಾಗಿ ಮಣ್ಣು ಮಾಡಿದ್ದಾರಲ್ಲ, ಎಂಥ ಸೊಸೆ ಇವಳು ಎಂದು ನನ್ನನ್ನು ಶಪಿಸಿಕೊಂಡೇ ಬಂದಿದ್ದಾರೆ.

ಅಪಾ ಬಿಷ್ಕೆಕ್‌ನಲ್ಲಿ ಕುಮಿಸ್ ಕುಡಿಯುತ್ತಾ ಇದ್ದಾರೆ ಎಂದೆ. ಪಾಪ, ದುಃಖ ತಲೆಗೇರಿದೆ ಎಂದು ನೀರು ಚಿಮುಕಿಸಿದರು. ಕೊನೆಗೆ ನಿನ್ನ ಅಣ್ಣ ದಿಬ್ಬದ ಪಕ್ಕ ನಿಂತು, ಇದರಲ್ಲಿರುವುದು ನನ್ನ ತಂಗಿಯ ಚಾಪೆ ಎಂದ. ಆಚೆ ದಂಡೆಯ ಗಡ್ಡದ ಅಜ್ಜ ಬಹಳ ಹೊತ್ತು ಯೋಚಿಸಿ, ಚಾಪೆ ಏನಾಗಿ ಸತ್ತಿತು ಎಂದು ಕೇಳಿದ. ಆಮೇಲೆ ಅವರು ನಕ್ಕ ನಗು ನಿನ್ನ ಬಿಷ್ಕೆಕ್‌ವರೆಗೂ ಕೇಳಿಸಿರಬೇಕು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆ, ನಿನ್ನ ಅಣ್ಣ ಆಗಲೇ ಕುರಿ ಕೊಯ್ದಿದ್ದ. ಎಲ್ಲರೂ ಊಟಕ್ಕೆ ಕುಳಿತರು.

ಆಗ ನಿನ್ನ ಹೋಟೆಲಿನವನ ಕಾರು ಬಂತು.

ಅವನು ದೂರದಲ್ಲೇ ಇಳಿದ. ದಿಬ್ಬ ನೋಡಿದ, ಜನ ನೋಡಿದ, ಬೇಯುತ್ತಿರುವ ಮಾಂಸ ನೋಡಿದ. ಹುಟ್ಟಿ ಬೆಳೆದದ್ದು ಇದೇ ಬೆಟ್ಟಗಳಲ್ಲಿ ಅಲ್ಲವೇ, ಇನ್ನೇನು ಬೇಕು. ಅಲ್ಲಿಂದಲೇ "ಅಯ್ಯೋ ನನ್ನಪ್ಪಾ, ಅಯ್ಯೋ ನನ್ನ ಅಪಾ" ಎಂದು ಶುರುಮಾಡಿದ. ಹಾಗೇ ಅಳುತ್ತಾ ನಡೆದುಬಂದು ನಿನ್ನ ಅಣ್ಣನನ್ನು ತಬ್ಬಿಕೊಂಡ. ಅಪಾರ ಮುಖವನ್ನೇ ನೋಡದವನು ಅಷ್ಟು ಅತ್ತನಲ್ಲ, ಹತ್ತಾರು ವರ್ಷ ಅವರ ಜೊತೆ ಇದ್ದ ನನಗೆ ನಾಚಿಕೆಯಾಯಿತು. ಹೇಳೋಣವೆಂದು ನಾನು ಎದ್ದರೆ ಗಡ್ಡದ ಅಜ್ಜ ನನ್ನ ಅಂಗಿಯ ತುದಿ ಹಿಡಿದೆಳೆದ.

"ಅಳ್ತಿರೋನ್ನ ಮಧ್ಯದಲ್ಲಿ ನಿಲ್ಲಿಸ್ತಾರೇನಮ್ಮಾ. ಮುಗಿಸಲಿ."

ಅವನು ಮುಗಿಸಲಿಲ್ಲ. ಅವನೊಬ್ಬನೇ ಅಳುವುದು ಚೆನ್ನಾಗಿರುವುದಿಲ್ಲವೆಂದು ಎಲ್ಲರೂ ಮೂಳೆ ಕೆಳಗಿಟ್ಟು ಮತ್ತೆ ಅತ್ತರು. ಅಜ್ಜ ಪ್ರಾರ್ಥನೆ ಹೇಳಿದ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಪ್ರಾರ್ಥನೆ ಹೇಳಿದ ಮೇಲೆ, ಅದರೊಳಗೆ ರಬ್ಬರಿದೆ ಎನ್ನಲು ಯಾರಿಗೆ ನಾಲಿಗೆ ಏಳುತ್ತದೆ? ಹೊರಡುವಾಗ ಅವನು ನನ್ನ ಹತ್ತಿರ ಬಂದು, ಇಂಥ ದಿನ ಚಾಪೆಯ ಮಾತು ಎತ್ತುವಷ್ಟು ನೀಚ ನಾನಲ್ಲ ಅತ್ತಿಗೆ ಎಂದ. ನನ್ನನ್ನು ಅತ್ತಿಗೆ ಅಂದ. ನೀನು ಯಾವಾಗಲಾದರೂ ಅಷ್ಟು ಮೆತ್ತಗೆ ಅಂದಿದ್ದೀಯಾ?

ಬೂರುಲ್


ಬಿಷ್ಕೆಕ್
ಜುಲೈ 20

ಬೂರುಲ್ ಅತ್ತಿಗೆ,

ಬೈಗುಳ ಇನ್ನೊಂದು ಕಾಗದಕ್ಕಿರಲಿ.

ನಿಮ್ಮ ಕಾಗದ ಬರುವ ಮೊದಲೇ ಮೆದೆರ್ಬೆಕ್ ಅವರ ಫೋನು ಬಂದಿತ್ತು. ಧೈರ್ಯ ತಂದುಕೊ ತಂಗಿ, ಹಾಲ್ ನಿನ್ನದೇ ಎಂದರು. ತಾಯಿಯನ್ನು ಮಣ್ಣು ಮಾಡಿದ ಜಾಗವನ್ನು ಚಾಪೆಗಾಗಿ ಅಗೆದು ನೋಡುವ ಪಾಪಿ ನಾನಲ್ಲ ಎಂದರು. ಯಾವ ತಾಯಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಅಪಾ ಹಿಂದಿನಿಂದ ಚಹಾಕ್ಕೆ ಸಕ್ಕರೆ ಕೇಳಿದಳು. ನಾನು ಫೋನಿಗೆ ಕೈ ಅಡ್ಡ ಹಿಡಿದೆ. ಹಿಡಿದದ್ದೇ ತಪ್ಪಾಯಿತು. ಅದಾದ ಮೇಲೆ ನನ್ನ ಬಾಯಿಂದ ಬಂದದ್ದು, ಉಪಕಾರವಾಯಿತು ಅಣ್ಣಾ ಎಂಬ ಮಾತು.

ಅವರು ಇನ್ನೂ ಒಂದು ಮಾತು ಹೇಳಿದರು. ಹಾಲ್‌ಗೆ ಅಪಾಳ ಹೆಸರು ಇಡುತ್ತಾರಂತೆ. ಬಾಗಿಲ ಪಕ್ಕ ಕಲ್ಲು ನೆಡಿಸುತ್ತಾರಂತೆ, ಉಮ್ಸುನ್ ಎಂದು ಹೆಸರು, ಹುಟ್ಟಿದ ವರ್ಷ, ತೀರಿಹೋದ ವರ್ಷ. ಹೆಸರು, ವರ್ಷ ಎಲ್ಲ ಅಲ್ಲಿನವರನ್ನೇ ಕೇಳಿ ಬರೆದುಕೊಂಡು ಬಂದಿದ್ದಾರಂತೆ, ಕಲ್ಲುಕುಟಿಗನನ್ನು ಕರೆಸಿದ್ದಾರೆ.

ಅಪಾಳಿಗೆ ಎಲ್ಲವನ್ನೂ ಹೇಳಿದೆ. ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿಸಿಕೊಂಡಳು. ಯಾರು ಹೆಚ್ಚು ಅತ್ತರು, ಯಾರು ಅಳದೆ ಮಾಂಸ ತಿಂದರು ಎಂದು ವಿಚಾರಿಸಿ ವಿಚಾರಿಸಿ ನಕ್ಕಳು. ನೀವು ಅತ್ತಿರಿ ಎಂದಾಗ, ಯಾರಿಗೆಂದು ಗೊತ್ತಿಲ್ಲದೆ ಅತ್ತದ್ದು ಬಿಡು ಎಂದಳು. ಆಮೇಲೆ ನಾನು ಕಲ್ಲಿನ ಮಾತು ಹೇಳಿದೆ. ಅವಳು ಬಟ್ಟಲನ್ನು ದೂರ ಸರಿಸಿದಳು.

"ನನ್ನ ಹೆಸರು ಕಲ್ಲಿಗೆ ಹತ್ತಿಸಬೇಡ ಕಣೇ ಮಗಳೇ. ನಾನಿನ್ನೂ ಮುಗಿಸಿಲ್ಲ."

ಆಗಿನಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ತರಗತಿಗೂ ಬರುತ್ತಿಲ್ಲ. ನಿಜ ಹೇಳಿದರೆ ಹಾಲ್ ಹೋಗುತ್ತದೆ, ಅಲ್ಮಾಟಿಯ ಪಾಚಿಯವಳು ನಗುತ್ತಾಳೆ. ಹೇಳದಿದ್ದರೆ ನಾನು ದಿನವೂ ಆ ಕಲ್ಲಿನ ಪಕ್ಕದಿಂದ ಒಳಗೆ ಹೋಗಿ, ಉಸಿರು ಒಳಗೆ, ಉಸಿರು ಹೊರಗೆ ಎನ್ನಬೇಕು. ಏನು ಮಾಡಲಿ ಅತ್ತಿಗೆ?

ಅಯ್ಸಾಲ್ಕಿನ್


ಸೋನ್-ಕೋಲ್
ಜುಲೈ 23

ನನ್ನ ನಾದಿನಿಗೆ,

ನನ್ನನ್ನು ಬುದ್ಧಿ ಕೇಳುವಷ್ಟು ಕೆಳಗೆ ಇಳಿದಿದ್ದೀಯ ಎಂದರೆ ಪರಿಸ್ಥಿತಿ ನಿಜವಾಗಿಯೂ ಕೆಟ್ಟಿದೆ.

ಹೋಗಿ ನಿಜ ಹೇಳು. ಅಪಾರನ್ನೂ ಕರೆದುಕೊಂಡು ಹೋಗು, ಇಲ್ಲದಿದ್ದರೆ ಅವನು ನಂಬುವುದಿಲ್ಲ. ನಾವು ಹೇಳಿದ್ದನ್ನೇ ನಮ್ಮ ಜನ ನಂಬಲಿಲ್ಲ. ಕರುವಿನ ವಿಷಯವನ್ನೂ ಮುಚ್ಚಿಡಬೇಡ, ಆ ತಪ್ಪು ನನ್ನ ಹೆಸರಿನಲ್ಲಿ ಬರೆ. ಬದುಕಿರುವ ಅತ್ತೆಯನ್ನು ಕಲ್ಲಿಗೆ ಹತ್ತಿಸಿದ ಮನೆಗೆ ನಾನು ಸೊಸೆಯಾಗಿರಲಾರೆ. ಹಾಲ್ ಹೋದರೆ ಇಲ್ಲಿ ಬಾ. ಹಾಲು ಕರೆಯುವುದು ನಾನೇ ಕಲಿಸುತ್ತೇನೆ. ನೀನು ಕಲಿಯುವುದಿಲ್ಲ, ಅದೂ ಗೊತ್ತು. ಆದರೂ ಬಾ.

ಬೂರುಲ್


ಇಸ್ಸಿಕ್-ಕುಲ್
ಜುಲೈ 29

ಅತ್ತಿಗೆ,

ನಿಮ್ಮ ಮಾತಿನಂತೆ ಹೊರಟೆವು. ಬಸ್ಸಿನಲ್ಲಿ ನಾನು ಹೇಳಬೇಕಾದ ಮಾತುಗಳನ್ನು ಉರುಹೊಡೆಯುತ್ತಿದ್ದೆ.

ಹೋಟೆಲಿನ ಅಂಗಳದಲ್ಲೇ ಕಲ್ಲುಕುಟಿಗ ಕುಳಿತಿದ್ದ. ಹೆಸರು ಮುಗಿದಿತ್ತು. ಹುಟ್ಟಿದ ವರ್ಷ ಮುಗಿದಿತ್ತು. ಗೆರೆ ಎಳೆದು, ಮುಂದಿನ ವರ್ಷಕ್ಕೆ ಉಳಿ ಹಚ್ಚಿದ್ದ. ಅಪಾ ಅವನ ಎದುರು ನಿಂತು, ಸ್ವಲ್ಪ ತಡಿ ಮಗಾ ಎಂದಳು. ಅಷ್ಟರಲ್ಲಿ ಮೆದೆರ್ಬೆಕ್ ಬಂದರು. ಅಡುಗೆಯವರು, ತೋಟದವರು ಎಲ್ಲ ನನಗೆ ಸಂತಾಪ ಹೇಳಲು ಸಾಲಾಗಿ ಬಂದರು. ಉರುಹೊಡೆದದ್ದು ಒಂದೂ ನೆನಪಾಗಲಿಲ್ಲ.

ಅಪಾ ಕೋಲೂರಿಕೊಂಡು ಅವರ ಮುಂದೆ ಹೋದಳು.

"ಸುಯೂಂಚು ಕೊಡಪ್ಪಾ."

ಒಳ್ಳೆಯ ಸುದ್ದಿ ತಂದವರು ಸುಯೂಂಚು ಉಡುಗೊರೆ ಕೇಳಿದರೆ, ಅಷ್ಟು ಜನರ ಎದುರಿಗೆ ಇಲ್ಲ ಎನ್ನುವ ಗಂಡಸು ನಮ್ಮಲ್ಲಿ ಎಲ್ಲಿದ್ದಾನೆ ಹೇಳಿ. ಅವರಿಗೆ ಅಪಾ ಯಾರೆಂದೂ ಗೊತ್ತಿಲ್ಲ.

"ಕೊಡೋಣ ಅಪಾ. ಏನು ಸುದ್ದಿ?"

"ಉಮ್ಸುನ್ ಬದುಕಿದ್ದಾಳೆ."

ಅವರು ಕಲ್ಲು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅಪಾಳನ್ನು ನೋಡಿದರು. ಮುಖ ಬಿಳಿಚಿ, ಆಮೇಲೆ ಕಿವಿಯವರೆಗೂ ಕೆಂಪಾಯಿತು. ಹಾಗಾದರೆ ನಾನು ಅಲ್ಲಿ ಅತ್ತದ್ದು ಯಾರಿಗೆ ಎಂದು ಮೆಲ್ಲಗೆ ಕೇಳಿದರು. ನಾನು ಎಲ್ಲವನ್ನೂ ಹೇಳಿದೆ, ಕರು, ಬಿರಡೆ, ರಬ್ಬರು ಯಾವುದನ್ನೂ ಬಿಡದೆ. ಅಡುಗೆಯವನೊಬ್ಬ ಟೊಪ್ಪಿಗೆಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಹಿಂದಕ್ಕೆ ಓಡಿದ.

ಅವರು ಅಲ್ಲೇ ನನ್ನನ್ನು ಹೊರಗೆ ಹಾಕುತ್ತಿದ್ದರು. ಆದರೆ ಸುಯೂಂಚು ಬಾಕಿ ಇತ್ತು. ಏನು ಬೇಕು ಕೇಳಿ ಎಂದು ಹಲ್ಲು ಕಚ್ಚಿಕೊಂಡೇ ಅಂದರು. ಅಪಾ ಕಲ್ಲಿನ ಕಡೆ ನೋಡಿದಳು. ಅದನ್ನೇ ಒಡೆಸು ಎನ್ನುತ್ತಾಳೆಂದು ನಾನು ಅಂದುಕೊಂಡೆ. ಅವಳಿಗೆ ಬೇಕಿದ್ದದ್ದೂ ಅದೇ. ಕೇಳುವುದಕ್ಕೆ ಇದ್ದದ್ದು ಒಂದೇ ಅವಕಾಶ.

"ನನ್ನ ಮಗಳಿಗೆ ಹಾಲ್ ಕೊಡು," ಎಂದಳು.

ಕೊಟ್ಟರು. ಚಾಪೆಯದೂ ತೀರ್ಮಾನವಾಯಿತು. ಕರು ಬದುಕಿದೆಯೇ ಎಂದು ಕೇಳಿದರು. ಬದುಕಿದೆ, ಕೊಬ್ಬಿದೆ ಎಂದೆ. ಹಾಗಾದರೆ ಸೆಣಬೇ ಇರಲಿ, ನೆಲದಲ್ಲಿ ಏನನ್ನೂ ಹೂಳುವ ಮಾತು ಮಾತ್ರ ನನ್ನ ಮುಂದೆ ಇನ್ನು ಯಾರೂ ಎತ್ತಬೇಡಿ ಎಂದು ಒಳಗೆ ಹೋದರು.

ಕಲ್ಲುಕುಟಿಗ ಈ ಕಲ್ಲನ್ನೇನು ಮಾಡಲಿ ಎಂದು ಕೇಳುತ್ತಾ ನಿಂತಿದ್ದ. ಅಪಾ ಅದನ್ನು ಸರೋವರದ ದಂಡೆಗೆ ಹೊರಿಸಿ ಅಡ್ಡ ಮಲಗಿಸಿದಳು. ಬಂದಾಗಿನಿಂದ ದಿನವೂ ಅದರ ಮೇಲೆ, ತನ್ನ ಹೆಸರಿನ ಮೇಲೆ ತಾನೇ ಕುಳಿತು ನೀರು ನೋಡುತ್ತಾಳೆ. ಮಂಡಿಗೆ ಒಳ್ಳೆಯದಲ್ಲ, ಒಳಗೆ ಬಾ ಎಂದರೆ ಏಳುವುದಿಲ್ಲ. ತಾನು ಎದ್ದರೆ ಯಾರಾದರೂ ಬಂದು ಮುಗಿಸಿಬಿಡುತ್ತಾರಂತೆ.

ನಿಮ್ಮ
ಅಯ್ಸಾಲ್ಕಿನ್